ಪಾಲಿನ ಗೋಡೆ

"ಬೇಕಾದ್ರೆ ಮನೇನೇ ಕೆಡವು ತಮ್ಮಾ, ಆ ಗೋಡೆ ಮಾತ್ರ ಮುಟ್ಬೇಡ," ಎಂದಳು ಮೂಲೆಮನೆ ಅಕ್ಕ.

"ಮನೆ ಕೆಡವಿ ಗೋಡೆಗೆ ಒರಗಿಕೊಂಡು ಕೂರೋದಾ ಅಕ್ಕ? ಮಳೆ ಬಂದ್ರೆ ಯಾವ ಕಡೆ ಕೂರ್ಬೇಕು ಅನ್ನೋದನ್ನೂ ಹೇಳಿಬಿಡಿ," ಎಂದು ಹೊಸಬ ನಕ್ಕ.

ಅಕ್ಕ ನಗಲಿಲ್ಲ. ಅವಳು ಹುಟ್ಟಿದ್ದು ಈ ಮನೆಯಲ್ಲೇ. ಆದರೂ ಹೊಸ್ತಿಲು ದಾಟಿ ಒಳಗೆ ಬಂದಿರಲಿಲ್ಲ.

ಹೊಸಬ ಪರದೇಶದವನು. ಈ ನಾಡಿನ ಮಹಾನಗರದಲ್ಲಿ ಅರ್ಧ ಆಯುಷ್ಯ ಲಿಫ್ಟ್ ರಿಪೇರಿ ಮಾಡಿದವನು. ಜನರನ್ನು ಮೇಲೆ ಕೆಳಗೆ ಕಳಿಸಿ ಕಳಿಸಿ ಬೇಸತ್ತು, ಇನ್ನಾದರೂ ನೆಲದ ಮೇಲೆ ಬದುಕೋಣವೆಂದು ಈ ಹಳ್ಳಿಯ ಮನೆ ಕೊಂಡಿದ್ದ. ಅವನ ಹೆಂಡತಿ ಟೋಪಿ ಹೊಲಿಯುವವಳು. ನಗರದಲ್ಲಿ ಅವಳಿಗೆ ಅಂಗಡಿಯಿತ್ತು, ಅಂಗಡಿಯಲ್ಲಿ ಕೂತು ಹರಟುವ ಗೆಳತಿಯರಿದ್ದರು. "ಆ ಹಳ್ಳೀಲಿ ನಾನು ಯಾರಿಗೆ ಟೋಪಿ ಹಾಕಲಿ?" ಎಂದು ಒಮ್ಮೆ ಕೇಳಿದ್ದಳು. "ದನಗಳಿಗೆ," ಎಂದಿದ್ದ ಇವನು. ಆಮೇಲೆ ಅವಳು ಕೇಳಲಿಲ್ಲ. ಆ ಮೌನವನ್ನು ಅವನು ಒಪ್ಪಿಗೆಯ ಖಾತೆಗೆ ಹಾಕಿಕೊಂಡ.

ಗೋಡೆಯೇನೋ ನಗು ಬರಿಸುವಂಥದ್ದೇ. ಅಣ್ಣತಮ್ಮಂದಿರು ಪಾಲಾದಾಗ ಎಬ್ಬಿಸಿದ್ದು. ಹಠಕ್ಕೆ ಬಿದ್ದವರು ಕಟ್ಟಿಸಿದ್ದರಿಂದ ಕಿಟಕಿಯ ನಡುವೆ ಹಾದು, ಒಲೆಯನ್ನು ಸೀಳಿ, ಮೆಟ್ಟಿಲುಗಳ ನಟ್ಟನಡುವೆ ಹತ್ತಿಹೋಗಿತ್ತು. ಮುಂಬಾಗಿಲು ಒಬ್ಬನಿಗೆ, ಹಿತ್ತಲ ಬಾಗಿಲು ಇನ್ನೊಬ್ಬನಿಗೆ. ಮಹಡಿಗೆ ಹೋಗುವವರು ಏಡಿಯಂತೆ ಅಡ್ಡಡ್ಡ ಹತ್ತಬೇಕು.

"ಅಪ್ಪ, ಚಿಕ್ಕಪ್ಪ ಮತ್ತೆ ಒಂದಾದ್ರೆ ಪಾಲು ಕೈಬಿಟ್ಟುಹೋಗುತ್ತೆ ಅಂತ ಚಿಕ್ಕಮ್ಮನಿಗೆ ಭಯ," ಎಂದಳು ಅಕ್ಕ, ದನಿ ತಗ್ಗಿಸಿ. "ಯಾರನ್ನೋ ಕರೆಸಿ ಅದರೊಳಗೆ ಮಾಟ ಇಡಿಸಿದ್ಲು. ಗೋಡೆ ತೆಗೆದವರ ಮನೇಲಿ ಯಾವುದೂ ಇಡಿಯಾಗಿ ಉಳೀಬಾರ್ದು ಅಂತ."

"ಒಳ್ಳೇದಾಯ್ತು. ನನ್ನ ಸೊಂಟನೂ ಸ್ವಲ್ಪ ಕಮ್ಮಿಯಾಗ್ಲಿ."

ಮರುದಿನ ಬೆಳಿಗ್ಗೆಯೇ ಸುತ್ತಿಗೆ ಎತ್ತಿದ. ಹೆಂಡತಿ ಬಾಗಿಲಲ್ಲಿ ನಿಂತು ನೋಡಿದಳು. ಮಣ್ಣಿನ ಗಾರೆ ಪುಡಿಯಾಗಿ ಉದುರಿತು. ನಡುವೆ ಒಂದು ಪೊಳ್ಳು. ಅದರಲ್ಲಿ ಎಣ್ಣೆ ಹೀರಿ ಕಪ್ಪಾದ ಬಟ್ಟೆಯ ಗಂಟು. ಗಂಟಿನಲ್ಲಿ ಎರಡು ತುಂಡಾಗಿ ಮುರಿದ ಬಾಚಣಿಗೆ, ಅದಕ್ಕೆ ಸುತ್ತಿದ ಹೆಣ್ಣಿನ ಕೂದಲು. ಅವನು ಅದನ್ನು ಒಲೆಗೆ ಎಸೆದ. ಸುಟ್ಟ ಕೂದಲಿನ ಕಮಟು ಮನೆಯನ್ನೆಲ್ಲ ತುಂಬಿತು. ಕಿಟಕಿ ತೆರೆದರೂ ಹೋಗಲಿಲ್ಲ. ಮಧ್ಯಾಹ್ನದೊಳಗೆ ಒಲೆಯ ಬಳಿಯ ಗೋಡೆಯೆಲ್ಲ ನೆಲಕ್ಕುರುಳಿತು.

ಮೊದಲು ಕಪಾಟಿನಲ್ಲಿದ್ದ ಬೋಗುಣಿ ಯಾರೂ ಮುಟ್ಟದೆ ಎರಡಾಯಿತು. ಚೂರಿಲ್ಲ, ಪುಡಿಯಿಲ್ಲ, ಗರಗಸದಿಂದ ಕೊಯ್ದಂತೆ. "ಹವೆ ಒಣಗಿದೆ," ಎಂದ. ಕನ್ನಡಿ ಸೀಳಿತು. "ಮನೆ ಅದುರಿತ್ತಲ್ಲ," ಎಂದ. ಮಂಚದ ಹಲಗೆ ಉದ್ದಕ್ಕೂ ಬಿರಿದಾಗ ಹಗ್ಗ ತಂದು ಬಿಗಿದ.

ಹೆಂಡತಿ ಮುಖ ತೊಳೆದು ಬಂದಳು. ಬಲಗೆನ್ನೆ ಹೊಳೆಯುತ್ತಿತ್ತು. ಎಡಗೆನ್ನೆಯ ಮೇಲೆ ಗಾರೆಯ ಧೂಳು ಹಾಗೇ ಇತ್ತು.

"ಅರ್ಧ ಮುಖ ಬಿಟ್ಟಿದ್ದೀಯಲ್ಲೇ."

"ಯಾವ ಅರ್ಧ?" ಎಂದಳು ಅವಳು.

ಸಂಜೆಗೆ ಅವಳ ಎಡಗೈ ಮರಗಟ್ಟಿತು. ಆಮೇಲೆ ಕಾಲು. ಪೇಟೆಯ ಡಾಕ್ಟರು ಬಂದು ಸೂಜಿಯಿಂದ ಚುಚ್ಚುತ್ತ ಹೋದರು. ಹಣೆಯಿಂದ ಮೂಗು, ಮೂಗಿನಿಂದ ಎದೆ, ಎದೆಯಿಂದ ಹೊಕ್ಕಳು. ನೂಲು ಹಿಡಿದು ಗೆರೆ ಎಳೆದಂತೆ ಆಚೆಗೆ ಜೀವವಿರಲಿಲ್ಲ. "ಕಾಯಿಲೆ ಇಷ್ಟು ನೆಟ್ಟಗೆ ಬರಲ್ಲ," ಎಂದು ಗೊಣಗಿ ಅವರು ಚೀಲ ಮುಚ್ಚಿದರು. ಉಸಿರೂ ಅರ್ಧಕ್ಕೇ ನಿಲ್ಲುತ್ತಿತ್ತು.

ಅವನು ಓಡಿದ. ಅಕ್ಕ ಬಾಗಿಲು ಕೊಂಚವೇ ತೆರೆದಳು.

"ಗೋಡೆ ಮತ್ತೆ ಎಬ್ಬಿಸು. ಆಚೆ ಅವಳು, ಈಚೆ ನೀನು. ಕೊನೇ ಇಟ್ಟಿಗೆ ಇಡೋ ಮುಂಚೆ ಇಬ್ರೂ ಹೇಳ್ಬೇಕು: ನಿನ್ನದು ನಿನಗೆ, ನನ್ನದು ನನಗೆ. ಮನಸ್ಸಿಂದ ಹೇಳ್ಬೇಕು ತಮ್ಮಾ. ಬರೀ ಬಾಯಲ್ಲಿ ಹೇಳಿದವರ ಮೈಗೇ ಅದು ಅಂಟ್ಕೊಳ್ಳುತ್ತೆ. ಇದನ್ನ ಅವಳಿಗೂ ಹೇಳು."

ಹೇಳಿದ. ಅವಳು ಒಂದೇ ಕಣ್ಣಿನಿಂದ ಅವನನ್ನು ನೋಡಿದಳು.

ಬೆಳಗಾಗುವುದನ್ನೂ ಕಾಯಲಿಲ್ಲ. ಅವಳನ್ನು ಹಿತ್ತಲ ಬಾಗಿಲ ಕಡೆ ಮಲಗಿಸಿ ಮಣ್ಣು ಕಲಸಿದ. ಇಟ್ಟಿಗೆ ಇಟ್ಟ. ಮತ್ತೆ ಇಟ್ಟ. ಬೆರಳು ಸುಲಿದವು. ಸೊಂಟದೆತ್ತರ ಬಂದಾಗ ಆಚೆ ಅವಳ ಕಾಲು ಅಲುಗಿತು. ಎದೆಯೆತ್ತರ ಬಂದಾಗ ಉಸಿರು ಪೂರ್ತಿಯಾಯಿತು, ಅವಳು ಗೋಡೆ ಹಿಡಿದು ಎದ್ದು ನಿಂತಳು. ದೀಪ ಅವಳ ಕಡೆ ಉಳಿಯಿತು. ಇವನ ಕಡೆ ಕತ್ತಲೆ. ಹಸಿಮಣ್ಣಿನ ವಾಸನೆ. ಸುಟ್ಟ ಕೂದಲಿನ ವಾಸನೆ. ಒಂದು ಇಟ್ಟಿಗೆಯಷ್ಟು ಕಂಡಿ ಮಾತ್ರ ಉಳಿಯಿತು. ಅದರಲ್ಲಿ ಅವಳ ಮುಖ. ಎರಡೂ ಕಣ್ಣು ತೆರೆದಿದ್ದವು.

"ಮೊದಲು ನೀನು ಹೇಳು," ಎಂದ.

ಅವಳು ಹಿಂಜರಿದರೆ ಧೈರ್ಯ ಹೇಳಬೇಕೆಂದು ಸಿದ್ಧನಾಗಿದ್ದ. ಅವಳು ಹಿಂಜರಿಯಲಿಲ್ಲ.

"ನಿನ್ನದು ನಿನಗೆ. ನನ್ನದು ನನಗೆ."

ಅಳುಕಿಲ್ಲ. ಕೋಪವೂ ಇಲ್ಲ. ಎಷ್ಟೋ ದಿನದಿಂದ ಮಡಿಸಿಟ್ಟಿದ್ದ ಬಟ್ಟೆಯನ್ನು ಪೆಟ್ಟಿಗೆಯಿಂದ ತೆಗೆದಂತೆ. ಮಾತು ಮುಗಿಯುತ್ತಿದ್ದಂತೆ ಅವಳ ಎಡಗೆನ್ನೆಗೆ ರಕ್ತ ಮರಳಿತು.

ಈಗ ಇವನ ಸರದಿ. ಅವಳ ಮೇಲೆ ಸಿಟ್ಟನ್ನು ಹುಡುಕಿದ. ಸಿಗಲಿಲ್ಲ. ಒಂದು ಸಣ್ಣ ಬೇಸರವನ್ನಾದರೂ ಹುಡುಕಿದ. ಅದೂ ಇರಲಿಲ್ಲ. "ನಿನ್ನದು ನಿನಗೆ," ಎಂದ. "ನನ್ನದು..."

"ಹೇಳು," ಎಂದಳು ಅವಳು.

"ನನ್ನದು ನನಗೆ."

ಇಟ್ಟಿಗೆ ಜಾರಿತು. ಬಿದ್ದದ್ದು ಕಿವಿಗೆ ಕೇಳಿತು, ಕೈಗೆ ತಿಳಿಯಲಿಲ್ಲ. ಕಾಲು ಕುಸಿಯಿತು. ಅವಳನ್ನು ಕರೆಯಲು ಹೋದ. ಬಾಯಿಯ ಒಂದು ಮಗ್ಗುಲು ಮಾತ್ರ ತೆರೆಯಿತು.

ಕಂಡಿಯಲ್ಲಿ ಅವಳು ಬಗ್ಗಿ ನೋಡಿದಳು. ಬಹಳ ಹೊತ್ತು ನೋಡಿದಳು. ಆಮೇಲೆ ಅವಳ ಕಡೆಯಿಂದ ಒಂದು ಇಟ್ಟಿಗೆ ಬಂದು ಕಂಡಿಯಲ್ಲಿ ಕೂತಿತು. ಅಂಗೈಯಿಂದ ತಟ್ಟಿ ಕೂರಿಸುವ ಸದ್ದು. ಹಿತ್ತಲ ಬಾಗಿಲು ತೆರೆಯುವ ಸದ್ದು. ಎರಡು ಪಾದಗಳ ಗಟ್ಟಿ ನಡಿಗೆ ದೂರವಾಯಿತು.