ತಡವಾಗಿ ಕೆಂಪಾದ ಸುರುಳಿ

ಜಕಾರ್ತಾದ ವ್ಯಾಪಾರಿ ಹೊಸ ಇ-ಸಿಗರೇಟಿನಿಂದ ಒಂದೇ ದಮ್ಮು ಎಳೆದ. ಮರುಕ್ಷಣ ವೇಪನ್ನು ಮೇಜಿನ ಮೇಲೆ ಎಸೆದು ಬಾಯಿ ಮುಚ್ಚಿಕೊಂಡ. ಸುಟ್ಟ ಹತ್ತಿಯ ಘಾಟು ಕೋಣೆಯೆಲ್ಲ ಹರಡಿತು. ಅವನ ಕೆಳತುಟಿಯಲ್ಲಿ ಬೊಬ್ಬೆ ಏಳುತ್ತಿತ್ತು.

"ಇದರ ಕಾಯಿಲ್ ಸುತ್ತಿದ್ದು ಯಾರು?" ಮಾಲಕಿ ಪಾಂಗ್ ಕಿರುಚಿದಳು.

ಶೆನ್‌ಜೆನ್‌ನ ಶಾಜಿಂಗ್ ಓಣಿಯ ಆ ಪುಟ್ಟ ಕಾರ್ಖಾನೆಯಲ್ಲಿ ಎಲ್ಲರ ಕಣ್ಣೂ ಶೂಯಿಂಗ್ ಮೇಲೆ ಬಿತ್ತು. ವೇಪಿನೊಳಗೆ ಕಾದು ರಸವನ್ನು ಆವಿ ಮಾಡುವ ತಂತಿಯ ಸುರುಳಿಗಳನ್ನು, ಅಂದರೆ ಕಾಯಿಲ್‌ಗಳನ್ನು, ಕೈಯಲ್ಲೇ ಸುತ್ತುವುದು ಅವಳ ಕೆಲಸ.

"ನಾನೇ. ನಿನ್ನೆ ನೋಡಿದಾಗ ಎರಡೂ ಕಾಯಿಲ್ ಒಟ್ಟಿಗೇ ಕೆಂಪಾಗಿದ್ದವು."

"ಮಾತು ಬೇರೆ! ಗಂಟುಮೂಟೆ ಕಟ್ಟು. ನಿನ್ನ ಫೋಟೋ ಓಣಿಯ ಗ್ರೂಪಿಗೆ ಹಾಕ್ತೀನಿ. ಇನ್ನು ಯಾರು ಕೆಲಸ ಕೊಡ್ತಾರೋ ನೋಡೋಣ."

"ಹಾಕಿ, ಪಾಂಗಕ್ಕ. ಮೊದಲು ಇದನ್ನ ಎಲ್ಲರೆದುರು ಬಿಚ್ಚಿ. ಅಲ್ಲೀತನಕ ನಾನು ಹೋಗಲ್ಲ, ಯಾರನ್ನೂ ಹೋಗೋಕೆ ಬಿಡಲ್ಲ."

ಅವಳು ಸ್ಟೂಲು ಎಳೆದು ಬಾಗಿಲಿಗೆ ಅಡ್ಡ ಕೂತಳು.

ವ್ಯಾಪಾರಿ ತುಟಿಗೆ ಐಸ್ ಒತ್ತಿಕೊಂಡು, "ಬಿಚ್ಚಲಿ. ನಾನೂ ನೋಡ್ಬೇಕು" ಎಂದ.

*

ಶೂಯಿಂಗ್ ಮೇಜಿಗೆ ಬಂದು ವೇಪ್ ಬಿಚ್ಚಿ, ರಸ ಹೀರುವ ಹತ್ತಿ ಕಿತ್ತು ಗುಂಡಿ ಒತ್ತಿದಳು. ಎಡಗಡೆಯ ಕಾಯಿಲ್ ಕೂಡಲೇ ಕೆಂಪಾಯಿತು. ಬಲಗಡೆಯದು ಕಪ್ಪಗೇ ಇತ್ತು. ಬಹಳ ತಡವಾಗಿ ಮಂಕಾಗಿ ಬೆಳಗಿತು.

"ತಂತಿಯ ಕಾಲು ಉದ್ದ ಗಿಡ್ಡ ಕತ್ತರಿಸಿದ್ದಾಳೆ," ಯಾನ್ ಮೇಸ್ತ್ರಿ ಲೊಚಗುಟ್ಟಿದ. ಅವಳಿಗೆ ಕೆಲಸ ಕಲಿಸಿದವನೇ ಅವನು. "ಹೇಳಿ ಹೇಳಿ ಸಾಕಾಯ್ತು ನನಗೆ."

ಶೂಯಿಂಗ್ ಸ್ಕ್ರೂಗೆ ಸಿಕ್ಕಿಸುವ ಆ ತುದಿಗಳನ್ನು ಅಳೆದಳು. ಕಾಲುಗಳು ಸಮ.

"ಸ್ಕ್ರೂ ಸಡಿಲ ಇರ್ಬೇಕು," ಪ್ಯಾಕಿಂಗಿನ ಲ್ಯೂ ಅಂದ.

ಬಿಗಿ ಮಾಡಿದಳು. ಪಿಂಗಾಣಿ ಚಿಮಟದಿಂದ ಸುತ್ತುಗಳನ್ನು ಸವರಿ ಮತ್ತೆ ಒತ್ತಿದಳು. ಅದೇ ಕಥೆ.

"ಇನ್ನೇನು ಮಂತ್ರ ಹಾಕ್ತೀಯಾ?" ಪಾಂಗ್ ನಕ್ಕಳು.

ಶೂಯಿಂಗ್ ಎರಡೂ ಕಾಯಿಲ್ ಬಿಚ್ಚಿ ಮೇಜಿನ ಮೇಲಿಟ್ಟಳು. ಫ್ರಿಜ್ಜಿನ ಬಾಗಿಲಿನಿಂದ ಮ್ಯಾಗ್ನೆಟ್ ಕಿತ್ತು ತಂದು ಹತ್ತಿರ ಹಿಡಿದಳು. ಎಡಗಡೆಯದು ಅಲುಗಲಿಲ್ಲ. ಬಲಗಡೆಯದು ಟಕ್ಕನೆ ಹಾರಿ ಅಂಟಿತು.

"ನಾನು ಸುತ್ತೋದು ನೈಕ್ರೋಮ್ ತಂತಿ. ಮ್ಯಾಗ್ನೆಟ್ ಅದನ್ನ ಹಿಡಿಯಲ್ಲ. ಇದು ಕಬ್ಬಿಣ ಸೇರಿದ ತಂತಿ, ನಿಧಾನ ಕಾಯುತ್ತೆ. ಕಾವೆಲ್ಲ ನನ್ನದರ ಮೇಲೆ ಬಿದ್ದು ಹತ್ತಿ ಸುಟ್ಟಿತು. ಯಾರೋ ಒಂದನ್ನ ಬದಲಾಯಿಸಿದ್ದಾರೆ."

"ಆ ತಂತಿ ತರೋದನ್ನೇ ನಿಲ್ಲಿಸಿದೀವಲ್ಲೇ!" ಅಂದಳು ಪಾಂಗ್.

"ತಂತಿ ಇಲ್ಲ, ಅಕ್ಕ. ಅದರ ಕಾಯಿಲ್ ಇವೆ."

ಅವಳು ಗೋಡೆಯತ್ತ ನೋಡಿದಳು.

*

ಗೋಡೆಯ ಗಾಜಿನ ಪೆಟ್ಟಿಗೆಯೊಳಗೆ ಮ್ಯಾಗ್ನೆಟ್ ಹಲಗೆ. ಅದರ ತುಂಬ ಯಾನ್ ಮೇಸ್ತ್ರಿ ಹಿಂದೆ ಆ ತಂತಿಯಿಂದ ಸುತ್ತಿದ ಕಾಯಿಲ್‌ಗಳು. ಬೀಗದ ಕೈ ಅವನ ಸೊಂಟದಲ್ಲಿ. ಧೂಳು ಒರೆಸುವುದೂ ಅವನೇ.

"ಅದನ್ನ ಮುಟ್ಟಬೇಡ," ಅಂದ.

"ತೆಗೀರಿ, ಮೇಸ್ತ್ರಿ."

ವ್ಯಾಪಾರಿ ನೋಡುತ್ತಿದ್ದ. ಮೇಸ್ತ್ರಿ ಬೀಗ ತೆಗೆದ.

ಹಲಗೆಯಲ್ಲಿ ಎಲ್ಲೂ ಖಾಲಿ ಜಾಗವಿರಲಿಲ್ಲ. ಶೂಯಿಂಗ್ ಒಂದೊಂದನ್ನೇ ಉಗುರಿನಿಂದ ನೂಕಿದಳು. ಜಾರಿದವು, ಮತ್ತೆ ಕಚ್ಚಿಕೊಂಡವು. ಕೆಳಸಾಲಿನದೊಂದು ಜರುಗಲಿಲ್ಲ. ಮೀಟಿದಳು. ಗೋಂದಿನ ಹನಿಯ ಸಮೇತ ಕಳಚಿ ಬಂತು. ನಡುವಿನ ಸುತ್ತುಗಳು ಕರಗಿ ಕರ್ರಗಾಗಿದ್ದವು.

"ಇದು ನನ್ನದು. ಮ್ಯಾಗ್ನೆಟ್ ಹಿಡಿಯಲಿಲ್ಲ, ಅದಕ್ಕೇ ಗೋಂದು. ಗುಂಡಿ ಒತ್ತಿದಾಗ ಉಕ್ಕಿನ ಚಿಮಟದಿಂದ ಹಿಸುಕಿದರೆ, ಅದರಲ್ಲಿ ಕರೆಂಟು ಹರಿದು ಕಾಯಿಲ್ ಹೀಗಾಗುತ್ತೆ. ಇಲ್ಲಿ ಪಿಂಗಾಣಿ ಚಿಮಟ ಮಕ್ಕಳಾಟಕ್ಕೆ ಅನ್ನೋರು ಯಾರು?"

ಎಲ್ಲರೂ ಮೇಸ್ತ್ರಿಯ ಜೇಬು ನೋಡಿದರು. ಅವನೇ ಚಿಮಟ ತೆಗೆದು ಮೇಜಿನ ಮೇಲಿಟ್ಟ. ಅದರ ತುದಿಯಲ್ಲಿ ಸುಟ್ಟ ಕಲೆ.

"ಬೆಳಿಗ್ಗೆ ಒಂದ್ಸಲ ಸರಿಮಾಡೋಣ ಅಂತ ಹಿಡಿದೆ. ಗುಂಡಿಯಿಂದ ಬೆರಳು ತೆಗೆದೆ ಅಂದ್ಕೊಂಡೆ. ತೆಗೆದಿರಲಿಲ್ಲ. ಅತಿಥಿಯ ಕಾರು ಬಂದೇಬಿಡ್ತು. ಹೊಸದು ಸುತ್ತೋಕೆ ಈ ಕೈ ನಡುಗುತ್ತೆ. ಅದಕ್ಕೇ ಹಲಗೆಯದೊಂದು ಹಾಕಿದೆ."

ಪಾಂಗ್ ಶೂಯಿಂಗ್‌ಳ ತೋಳು ಹಿಡಿದು ಮೂಲೆಗೆಳೆದಳು. "ವಯಸ್ಸಾದೋರು ಕಣೇ. ತಪ್ಪು ನಿನ್ನ ಹೆಸರಲ್ಲೇ ಇರಲಿ. ನಿನ್ನ ಕೆಲಸ ಹೋಗದ ಹಾಗೆ ನಾನು ನೋಡ್ಕೋತೀನಿ."

ಶೂಯಿಂಗ್ ತೋಳು ಬಿಡಿಸಿಕೊಂಡಳು. "ಅವರ ಕೈ ನಡುಗಿದ್ದಕ್ಕೆ ನನಗೆ ಸಿಟ್ಟಿಲ್ಲ. ನಾನು ಕಾಲು ಗಿಡ್ಡ ಕತ್ತರಿಸಿದೆ ಅಂದ್ರಲ್ಲ, ಅದಕ್ಕೆ ಸಿಟ್ಟು. ಯಾರೆದುರು ಅಂದ್ರೋ ಅವರೆದುರೇ ಆ ಮಾತು ವಾಪಸ್ ತಗೋಬೇಕು."

ಹೋಗಿ ಮತ್ತೆ ಬಾಗಿಲಲ್ಲಿ ಕೂತಳು.

ಮೇಸ್ತ್ರಿ ಉಕ್ಕಿನ ಚಿಮಟವನ್ನು ಪಕ್ಕಕ್ಕೆ ಸರಿಸಿದ. ಆಮೇಲೆ ವ್ಯಾಪಾರಿಯತ್ತ ತಿರುಗಿದ. "ತಪ್ಪು ನನ್ನದು. ಈ ಹುಡುಗಿಯ ಕೆಲಸದಲ್ಲಿ ಕೊರತೆ ಇರಲಿಲ್ಲ."

ಶೂಯಿಂಗ್ ಎದ್ದಳು. ಎರಡು ಹೊಸ ಕಾಯಿಲ್ ಸುತ್ತಿ ಕೂರಿಸಿ ವೇಪನ್ನು ಮೇಸ್ತ್ರಿಯ ಮುಂದೆ ತಳ್ಳಿದಳು. ಅದರ ಪಕ್ಕದಲ್ಲಿ ತನ್ನ ಪಿಂಗಾಣಿ ಚಿಮಟವನ್ನೂ ಇಟ್ಟಳು.

"ಮಕ್ಕಳಾಟದ್ದೇ ಸರಿ. ಹಿಡೀರಿ, ಮೇಸ್ತ್ರಿ. ಗುಂಡಿ ಒತ್ತಿ."

ಮೇಸ್ತ್ರಿ ಒತ್ತಿದ. ಎರಡೂ ಕಾಯಿಲ್ ನಡುವಿನಿಂದ ಅಂಚಿನವರೆಗೆ ಒಟ್ಟಿಗೇ ಕೆಂಪಾದವು.