ಟರ್ಮಿನಲ್ಲಿನ ಎಣ್ಣೆ

ಇದನ್ನು ಈವರೆಗೆ ಯಾರಿಗೂ ಹೇಳಿಲ್ಲ. ಹೇಳಿದರೆ ಒಂಟಿ ಹೆಂಗಸಿನ ಭ್ರಮೆ ಅನ್ನುತ್ತಾರೆ.

ನನ್ನ ಯಜಮಾನರು ಕಾಂತೇಶ್ ತೀರಿಕೊಂಡು ಎರಡು ವರ್ಷ. ಅಂದಿನಿಂದ ಅವರ ಬೈಕು ಶೆಟ್ಟಿಕೆರೆಯ ನಮ್ಮ ಮನೆಯಲ್ಲಿ ಕೊಬ್ಬರಿ ಅಟ್ಟದ ಕೆಳಗೆ ನಿಂತಿತ್ತು. ಡಿಸೆಂಬರಿನ ಒಂದು ಭಾನುವಾರ ಬೆಳಿಗ್ಗೆ ಹತ್ತಕ್ಕೆ ಅದನ್ನು ಕೊಳ್ಳುವವರು ಬರುವವರಿದ್ದರು. ಅಷ್ಟರೊಳಗೆ ಬೈಕು ಸ್ಟಾರ್ಟ್ ಆಗಬೇಕಿತ್ತು.

ಹೊಸ ಬ್ಯಾಟರಿ ಕೊಟ್ಟ ಮೆಕ್ಯಾನಿಕ್ ಜ್ಞಾನೇಶ್, "ಕೆಂಪು ವೈರು ಮೊದ್ಲು, ಕಪ್ಪು ಆಮೇಲೆ. ಅಷ್ಟೇ ಕಣಕ್ಕ," ಎಂದಿದ್ದ. ಹಾಗೇ ಬ್ಯಾಟರಿಯ ಎರಡು ಟರ್ಮಿನಲ್ಲುಗಳಿಗೆ ವೈರು ಬಿಗಿದೆ. ಆಗ ನಮ್ಮವರ ಮಾತು ನೆನಪಾಯಿತು: "ಟರ್ಮಿನಲ್‌ಗೆ ಕೊಬ್ರಿ ಎಣ್ಣೆ ಸವರ್ದೆ ಮುಚ್ಬೇಡ ಕಣೇ, ಕಿಲುಬು ಹಿಡೀತದೆ." ಚಳಿಗೆ ಎಣ್ಣೆ ಹೆಪ್ಪುಗಟ್ಟಿದ್ದರೆ ಅವರು ಬಾಟಲಿಯನ್ನು ಕಂಕುಳಲ್ಲಿ ಇಟ್ಟುಕೊಂಡು, ಅದು ಕರಗುವವರೆಗೂ ನನ್ನ ಜೊತೆ ಹರಟುತ್ತಿದ್ದರು.

ನಾನೂ ಅಡುಗೆಮನೆಯಲ್ಲಿ ಬಾಟಲಿಯನ್ನು ಕಂಕುಳಲ್ಲಿಟ್ಟು ನಿಂತೆ. ಮಾತಾಡಲು ಯಾರೂ ಇರಲಿಲ್ಲ. ಅಟ್ಟದ ಮೇಲೆ ಒಂದು ಕಾಯಿ ಉರುಳಿ, ಒಳಗಿನ ಒಣಗಿದ ಕೊಬ್ಬರಿ ಗಿಟುಕು ಲೊಡಲೊಡ ಸದ್ದು ಮಾಡಿ ಸುಮ್ಮನಾಯಿತು. ಎಣ್ಣೆ ಕರಗಲೇ ಇಲ್ಲ. ಕಡ್ಡಿಯಲ್ಲಿ ಕೆದಕಿ ಹಚ್ಚೋಣವೆಂದು ಬೈಕಿನ ಹತ್ತಿರ ಬಂದೆ.

ಎರಡೂ ಟರ್ಮಿನಲ್ಲುಗಳಿಗೆ ಯಾರೋ ಆಗಲೇ ಎಣ್ಣೆ ಸವರಿದ್ದರು. ಅದು ನೀರಿನಂತೆ ತಿಳಿಯಾಗಿತ್ತು. ಬೆರಳಿಟ್ಟರೆ ಮೈಯಷ್ಟು ಬೆಚ್ಚಗಿತ್ತು. ನನ್ನ ಕೈಯಲ್ಲಿದ್ದ ಬಾಟಲಿಯ ಎಣ್ಣೆ ಕತ್ತಿನವರೆಗೂ ಬೆಳ್ಳಗೆ ಗಟ್ಟಿಯಾಗಿತ್ತು. ಅದರ ಮುಚ್ಚಳವನ್ನು ನಾನಿನ್ನೂ ತೆಗೆದೇ ಇರಲಿಲ್ಲ.

ಹತ್ತಕ್ಕೆ ಬಂದವರಿಗೆ, "ಮಾರಲ್ಲ ಕಣ್ರೀ, ತಪ್ಪು ತಿಳ್ಕೋಬೇಡಿ," ಎಂದೆ.

ಸಂಕ್ರಾಂತಿಯೂ ಕಳೆಯಿತು. ಬೆಳಿಗ್ಗೆ ಎದ್ದು ನೋಡಿದರೆ ಬಾಟಲಿಯ ಎಣ್ಣೆ ಈಗಲೂ ಕಲ್ಲಿನಂತಿರುತ್ತದೆ. ಬ್ಯಾಟರಿಯ ಮೇಲಿನದು ಇವತ್ತಿಗೂ ಹೆಪ್ಪುಗಟ್ಟಿಲ್ಲ.