ನಲವತ್ತಮೂರನೆಯ ಬ್ಯಾಡ್ಜ್

ಶನಿವಾರ ಮಧ್ಯಾಹ್ನ 1.20ಕ್ಕೆ ಠಾಣೆಗೆ ಬಂದ ಮಹಿಳೆ ಕುರ್ಚಿ ತೋರಿಸಿದರೂ ಕೂರಲಿಲ್ಲ. ಅವಳದೊಂದು ಸಣ್ಣ ಕಂಪನಿ; ಅದರಲ್ಲಿರುವುದು ಅವಳು ಮತ್ತು ಅವಳ ತಂಗಿ, ಇಬ್ಬರೇ. ವಯಸ್ಸಾದವರು ಬಿದ್ದರೆ ಮನೆಯವರ ಫೋನಿಗೆ ತಾನಾಗಿ ಸುದ್ದಿ ಮುಟ್ಟಿಸುವ ಕೈಪಟ್ಟಿ ಅವರ ತಯಾರಿಕೆ. ಇದ್ದ ಒಂದೇ ಮಾದರಿ ಬೆಳಿಗ್ಗೆ ಕಳುವಾಗಿತ್ತು.

“ಸೋಮವಾರ ಹನ್ನೊಂದಕ್ಕೆ ವೃದ್ಧಾಶ್ರಮದವರು ಸಹಿ ಹಾಕ್ತಾರೆ ಸಾರ್. ಅರವತ್ತು ಜನಕ್ಕೆ ಅರವತ್ತು ಪಟ್ಟಿ. ಅವತ್ತು ಕಟ್ಟಿ ತೋರಿಸದಿದ್ರೆ ಎಲ್ಲ ಮುಗೀತು.”

“ಎಲ್ಲಿ ಕಳ್ಕೊಂಡ್ರಿ?” ಇನ್ಸ್‌ಪೆಕ್ಟರ್ ಕೇಳಿದರು.

“ಕಳ್ಕೊಳ್ಳಲಿಲ್ಲ, ಕದ್ರು. ಪರಿಚಯ ಕೂಟದಲ್ಲಿ.”

ಪ್ರತಿ ತಿಂಗಳ ಎರಡನೆಯ ಶನಿವಾರ ಊರಿನ ಸಾಫ್ಟ್‌ವೇರ್‌ನವರು, ಹೊಸ ಕಂಪನಿ ಕಟ್ಟುವವರು ಒಂದೆಡೆ ಸೇರುವ ಕೂಟ ಅದು. 1.50ಕ್ಕೆ ಎಫ್‌ಐಆರ್ ದಾಖಲಾಯಿತು.

2.30ಕ್ಕೆ ಸ್ಥಳ ಪಂಚನಾಮೆ. ಮೂರನೆಯ ಮಹಡಿಯಲ್ಲಿ ಒಂದು ದೊಡ್ಡ ಹಾಲ್, ಪಕ್ಕದಲ್ಲಿ ಸಾಮಾನು ಪ್ರದರ್ಶಿಸುವ ಸಣ್ಣ ಕೋಣೆ. 11ರಿಂದ 11.30ರವರೆಗೆ ಎಲ್ಲರೂ ಹಾಲಿನಲ್ಲಿದ್ದರು, ಕೋಣೆ ಖಾಲಿಯಿತ್ತು. ಅವಳ ಮೇಜಿನ ಮೇಲೆ ಒಂದೇ ಥರದ ನಾಲ್ಕು ಕಪ್ಪು ಚಾರ್ಜಿಂಗ್ ವೈರುಗಳು ಉಳಿದಿದ್ದವು. ಐದನೆಯದು, ಕೈಪಟ್ಟಿಯದು, ಇರಲಿಲ್ಲ. ಇನ್ಸ್‌ಪೆಕ್ಟರ್ ಅದನ್ನು ಎರಡು ಸಲ ಓದಿಸಿ ಪಂಚನಾಮೆಗೆ ಸೇರಿಸಿದರು.

ಕೂಟದ ಸಂಚಾಲಕ ಬೆಳಗಿನಿಂದ ಎಲ್ಲರತ್ತ ನಕ್ಕು ನಕ್ಕು ನೋಯುವ ದವಡೆ ಹಿಡಿದುಕೊಂಡಿದ್ದ.

“ಬ್ಯಾಡ್ಜ್ ಇಲ್ಲದೆ ಒಳಗೆ ಬಿಡಲ್ಲ ಸಾರ್. ಬರುವಾಗ ಬಾಗಿಲ ಮೇಜಿಂದ ತಗೋತಾರೆ, ಹೋಗುವಾಗ ಈ ಡಬ್ಬಕ್ಕೆ ಹಾಕ್ತಾರೆ.”

“ಹೆಸರು ನೋಡಿ ಬಿಡ್ತೀರಾ?”

“ಹೆಸರು ಯಾರು ಓದ್ತಾರೆ? ಕೊರಳಲ್ಲಿ ದಾರ ಇದ್ರೆ ಸಾಕು.”

ಡಬ್ಬದ ಮೇಲೆ ‘ದಯವಿಟ್ಟು ಬ್ಯಾಡ್ಜ್ ಹಿಂತಿರುಗಿಸಿ’ ಎಂಬ ಚೀಟಿಯಿತ್ತು. ಒಳಗೆ ನಲವತ್ತಮೂರು ಬ್ಯಾಡ್ಜುಗಳಿದ್ದವು.

ಆ ಅರ್ಧ ಗಂಟೆ ನಡೆದದ್ದು ಪರಿಚಯದ ಸುತ್ತು. ಒಬ್ಬೊಬ್ಬರಿಗೆ ಮೂವತ್ತು ಸೆಕೆಂಡು. ಮುಗಿದ ಕೂಡಲೇ ಸಂಚಾಲಕ ಬೆಲ್ ಒತ್ತುತ್ತಾನೆ. ಮೈಕಿನ ಮುಂದೆ ನಿಂತವರ ಮುಖ ಮಾತ್ರ ಕೂಟದವರು ತೆಗೆದ ವಿಡಿಯೊದಲ್ಲಿತ್ತು. ಹೆಡ್ ಕಾನ್‌ಸ್ಟೇಬಲ್ ಕೂತು ಪೂರ್ತಿ ನೋಡಿದರು.

“ಎಲ್ಲರೂ ಪ್ರಪಂಚ ಬದಲಾಯಿಸ್ತಾರಂತೆ ಸಾರ್. ನಮ್ಮ ಸ್ಟೇಷನ್ ಪ್ರಿಂಟರ್ ಒಂದು ಬದಲಾಯಿಸಿ ಕೊಟ್ಟಿದ್ರೆ ಸಾಕಿತ್ತು.”

“ಎಷ್ಟು ಜನ?”

“ನಲವತ್ತೆರಡು.”

“ಒಬ್ಬರು ಮಾತಾಡಿಲ್ಲ.”

ಸಂಚಾಲಕ ಅಡ್ಡಡ್ಡ ತಲೆಯಾಡಿಸಿದ. “ಸಾಧ್ಯವೇ ಇಲ್ಲ. ಜನ ಇಲ್ಲಿಗೆ ಬರೋದೇ ಮಾತಾಡೋಕೆ. ಎರಡೆರಡು ಸಲ ಏಳೋರನ್ನ ಕಂಡಿದೀನಿ, ಸುಮ್ಮನಿರೋರನ್ನ ಕಂಡಿಲ್ಲ.”

ಮಾತಾಡಿದವರ ಹೆಸರಿಗೆ ಬ್ಯಾಡ್ಜುಗಳನ್ನು ಹೊಂದಿಸಿದಾಗ ಒಂದು ಉಳಿಯಿತು. ಅದು ಅಂಗಡಿಗಳಿಗೆ ಸಾಫ್ಟ್‌ವೇರ್ ಮಾಡಿಕೊಡುವವನದು. ಫೋನು ಮಾಡಿದರೆ ಅವನು ಹೆರಿಗೆ ಆಸ್ಪತ್ರೆಯಲ್ಲಿದ್ದ.

“ನಾನು ಬರಲೇ ಇಲ್ಲ ಸಾರ್. ಬೆಳಿಗ್ಗೆ ಹೆಣ್ಣು ಮಗು ಆಯ್ತು.”

“ಒಳ್ಳೇದಾಗ್ಲಿ,” ಎಂದು ಇನ್ಸ್‌ಪೆಕ್ಟರ್ ಫೋನಿಟ್ಟು, ದೂರುದಾರಳ ಕಡೆ ತಿರುಗಿದರು.

“ಐದು ವೈರಲ್ಲಿ ಪಟ್ಟಿಯದು ಯಾವುದು ಅಂತ ಯಾರಿಗೆ ಗೊತ್ತಿತ್ತು?”

“ನನಗೆ. ನನ್ನ ತಂಗಿಗೆ.”

“ಅವರು ಬಂದಿದ್ರಾ?”

“ಅವಳಾ? ನಾಲ್ಕು ಜನ ಕಂಡ್ರೆ ಬಾಯಿಗೆ ಬೀಗ. ಇಂಥ ಕಡೆ ಅವಳು ಯಾಕೆ ಬರ್ತಾಳೆ...” ಅವಳ ಕಣ್ಣು ಮೇಜಿನ ಮೇಲಿನ ನಾಲ್ಕು ವೈರುಗಳತ್ತ ಹೊರಳಿತು.

ಮೆಟ್ಟಿಲಿಳಿಯುವಾಗ ಹೆಡ್ ಕಾನ್‌ಸ್ಟೇಬಲ್ ಗೊಣಗಿದರು. “ಬೇಲೀನೇ ಎದ್ದು ಹೊಲ ಮೇಯ್ತು ಅನ್ನಿ.”

“ಮೇಯ್ತೋ, ಕಾಯ್ತೋ, ನೋಡೋಣ.”

5.10ಕ್ಕೆ ಮಹಿಳಾ ಕಾನ್‌ಸ್ಟೇಬಲ್ ಜೊತೆ ಮನೆ ತಲುಪಿದರು. ಬಾಗಿಲು ತೆಗೆದ ತಾಯಿಯ ಮೊಣಕೈಗೆ ಬ್ಯಾಂಡೇಜಿತ್ತು. ಒಳಗಿನಿಂದ ಗೋಡೆಗೆ ಬಟ್ಟೆ ಉಜ್ಜುವ ಸದ್ದು ಬರುತ್ತಿತ್ತು. ತಂಗಿ ಗೋಡೆಗೆ ಬೆನ್ನು ಕೊಟ್ಟು ನಿಧಾನ ಜಾರಿ ನೆಲಕ್ಕೆ ಕೂತಳು. ಕೈಯಲ್ಲಿ ಪಟ್ಟಿ. ಪಕ್ಕದ ನೋಟ್‌ಬುಕ್ಕಿನಲ್ಲಿ ಒಂದು ಗೀಟು ಎಳೆದು, ಎದ್ದು, ಮತ್ತೆ ಜಾರಲು ಹೊರಟವಳು ಪೊಲೀಸರನ್ನು ನೋಡಿದಳು.

“ಬ್ಯಾಡ್ಜ್ ಯಾಕೆ ವಾಪಸ್ ಹಾಕಿದ್ರಿ?” ಇನ್ಸ್‌ಪೆಕ್ಟರ್ ಮೊದಲು ಕೇಳಿದ್ದು ಅದನ್ನು.

“ಹಿಂತಿರುಗಿಸಿ ಅಂತ ಬರೆದಿತ್ತಲ್ಲ.”

ಮಹಿಳಾ ಕಾನ್‌ಸ್ಟೇಬಲ್ ನಗು ಮರೆಸಲು ಮುಖ ತಿರುಗಿಸಿಕೊಂಡಳು.

“ಧಡ್ ಅಂತ ಬಿದ್ರೆ ಪಟ್ಟಿಗೆ ಗೊತ್ತಾಗುತ್ತೆ ಸಾರ್. ಗೋಡೆ ಹಿಡ್ಕೊಂಡು ಮೆಲ್ಲಗೆ ಜಾರಿದ್ರೆ ಗೊತ್ತಾಗಲ್ಲ. ಹೋದ ವಾರ ಅಮ್ಮ ಹಾಗೇ ಬಿದ್ದಿದ್ದು. ನಲವತ್ತು ನಿಮಿಷ ಬಚ್ಚಲಲ್ಲಿ. ಪಟ್ಟಿ ಕೈಯಲ್ಲೇ ಇತ್ತು.”

“ಅಕ್ಕನಿಗೆ ಹೇಳಲಿಲ್ವಾ?”

“ಮೂರು ಸಲ. ಮೊದಲು ಸಹಿ ಆಗ್ಲಿ, ಆಮೇಲೆ ಸರಿ ಮಾಡೋಣ ಅಂದ್ಲು.”

“ಅದಕ್ಕೆ ಕದ್ರಿ.”

“ಕದಿಯೋಕೆ ಹೋಗಿರಲಿಲ್ಲ. ಎಲ್ಲರೆದುರು ಹೇಳಿಬಿಡೋಣ ಅಂತ ಹೋದೆ. ಬಾಗಿಲ ಹತ್ತಿರ ನಿಂತಿದ್ದೆ. ಅವರು ಮೂವತ್ತು ಸೆಕೆಂಡು ಕೊಡ್ತಾರೆ ಸಾರ್. ನನಗೆ ಎದೆ ಹತೋಟಿಗೆ ಬರೋಕೇ ಅಷ್ಟು ಬೇಕು.”

5.50ಕ್ಕೆ ಬಂಧನ. ನೋಟ್‌ಬುಕ್ಕಿನ ಲೆಕ್ಕ: ಆ ಮಧ್ಯಾಹ್ನ ಜಾರಿದ್ದು ಮೂವತ್ತೊಂದು ಸಲ, ಪಟ್ಟಿ ಸುದ್ದಿ ಮುಟ್ಟಿಸಿದ್ದು ನಾಲ್ಕು ಸಲ.

ಠಾಣೆಯಲ್ಲಿ ಅಕ್ಕ ನಿಂತೇ ಇದ್ದಳು. “ದೂರು ವಾಪಸ್ ತಗೋತೀನಿ. ಪಟ್ಟಿ ಕೊಟ್ಟುಬಿಡಿ ಸಾರ್.”

“ಅದು ಈಗ ಮುದ್ದೆಮಾಲು. ಕೋರ್ಟ್ ಹೇಳೋವರೆಗೆ ಯಾರಿಗೂ ಕೊಡೋ ಹಾಗಿಲ್ಲ.”

ಹೆಡ್ ಕಾನ್‌ಸ್ಟೇಬಲ್ ಪಟ್ಟಿಯನ್ನು ಬಟ್ಟೆಯಲ್ಲಿ ಸುತ್ತಿ ಅರಗು ಕಾಯಿಸಿ ಮೊಹರು ಒತ್ತಿದರು. ನೋಟ್‌ಬುಕ್ಕಿಗೂ ಒತ್ತುವ ಮೊದಲು ಇನ್ಸ್‌ಪೆಕ್ಟರ್ ಅದನ್ನು ಅಕ್ಕನ ಮುಂದೆ ತೆರೆದಿಟ್ಟರು. ಅವಳು ಪುಟ ಮಗುಚುತ್ತ ಹೋಗಿ ಒಂದರಲ್ಲಿ ಕೈ ನಿಲ್ಲಿಸಿದಳು. ತಂಗಿಯ ಸಣ್ಣ ಅಕ್ಷರದಲ್ಲಿ ಅಲ್ಲಿ ಇದ್ದದ್ದು ಇಷ್ಟೇ: ‘ಅಮ್ಮ. ಬೆಳಿಗ್ಗೆ 6.05ರಿಂದ 6.45. ಸುದ್ದಿ ಬರಲಿಲ್ಲ.’ ಮಧ್ಯಾಹ್ನ ತೋರಿಸಿದ ಕುರ್ಚಿಯಲ್ಲಿ ಅವಳು ಆಗ ಕೂತಳು.

ಪಕ್ಕದ ಕೋಣೆಯಲ್ಲಿ ತಂಗಿಯ ಹೇಳಿಕೆ ಬರೆದುಕೊಳ್ಳಲು ಐವತ್ತು ನಿಮಿಷ ಹಿಡಿಯಿತು. ಬರೆದದ್ದು ಮೂರು ಪುಟ, ಉಳಿದದ್ದು ಮೌನ. ಇನ್ಸ್‌ಪೆಕ್ಟರ್ ಪೆನ್ನು ಹಿಡಿದು ಕಾದರು. ಅಲ್ಲಿ ಬೆಲ್ ಒತ್ತುವವರು ಯಾರೂ ಇರಲಿಲ್ಲ.